ಬೆಟ್ಟದ ದಾರಿಯಲ್ಲಿ ಮೂರು ತಲೆಮಾರು

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಪಂಚಾಂಗದಲ್ಲಿಲ್ಲದ ಹಬ್ಬವೊಂದು ವರ್ಷಕ್ಕೊಮ್ಮೆ ಒದಗಿಬರುತ್ತದೆ. ಊರಿನಿಂದ ತಂದೆತಾಯಿಗಳು ಬಂದಿಳಿಯುವ ದಿನವೇ ಆ ಹಬ್ಬ. ಚೀಲಗಳಿಂದ ಸಾರಿನ ಪುಡಿ, ಹುರಿಹಿಟ್ಟು, ಹಪ್ಪಳ, ಕೋಡುಬಳೆಗಳು ಒಂದೊಂದಾಗಿ ಹೊರಬರುತ್ತವೆ. ಮನೆಯಲ್ಲಿ ಕೂಸಿದ್ದರಂತೂ ಅವುಗಳ ಜೊತೆಗೆ ಉಣ್ಣೆಯ ಕುಲಾವಿ, ಬಜೆಯ ಕೊಂಬು, ಹಳೆಯ ಪಂಚೆಯಿಂದ ಹೊಲಿದ ಮೆತ್ತನೆಯ ಬಟ್ಟೆಗಳೂ ಇರುತ್ತವೆ. ನಾಲ್ಕು ದಿನಗಳಲ್ಲಿ ಕುತುಬ್ ಮಿನಾರು, ಕೆಂಪುಕೋಟೆ, ಬಿರ್ಲಾ ಮಂದಿರಗಳನ್ನು ನೋಡಿ ಮುಗಿಯುತ್ತದೆ. ಆಮೇಲೆ ಏಳುವ ಪ್ರಶ್ನೆ ಎಲ್ಲರ ಮನೆಯಲ್ಲಿಯೂ ಒಂದೇ: ಇವರನ್ನು ಇನ್ನೆಲ್ಲಿಗೆ ಕರೆದೊಯ್ಯೋಣ? ಮುಂಬಯಿ, ಪುಣೆಯವರಿಗೆ ಮಹಾಬಳೇಶ್ವರವಿದೆ, ಚೆನ್ನೈಯವರಿಗೆ ಉದಕಮಂಡಲವಿದೆ, ದೆಹಲಿಯವರಾದ ನಮಗೆ ಶಿಮ್ಲಾ, ಮಸ್ಸೂರಿ, ನೈನಿತಾಲ್‌ಗಳಿವೆ.

ನಾನು ವೃತ್ತಿಯಿಂದ ವೈದ್ಯ. ಈ ಸಂಚಿಕೆಗೆ ಹಿಂದಿನ ವರ್ಷಗಳಲ್ಲಿ ಮಧುಮೇಹ, ರಕ್ತದೊತ್ತಡ, ಕೀಲುನೋವುಗಳನ್ನು ಕುರಿತು ಬರೆದು ಬಂಧುಗಳಿಗೆ ಉಪದೇಶ ಮಾಡಿದ್ದುಂಟು. ಈ ಸಲ ಉಪದೇಶದ ಸ್ಥಾನದಲ್ಲಿ ನಮ್ಮದೇ ಒಂದು ಪ್ರಯಾಣದ ವೃತ್ತಾಂತವನ್ನು ಒಪ್ಪಿಸುತ್ತಿದ್ದೇನೆ. ಇದರಲ್ಲಿ ತಪ್ಪು ಮಾಡಿದವನು ವೈದ್ಯನೇ ಆದ್ದರಿಂದ ಓದುಗರಿಗೆ ಹೆಚ್ಚು ಉಪಯೋಗವಾದೀತೆಂದು ನನ್ನ ನಂಬಿಕೆ.

2023ರ ನವೆಂಬರಿನಲ್ಲಿ, ದೀಪಾವಳಿ ಕಳೆದ ಮರುವಾರ, ನಾವು ಶಿಮ್ಲಾಕ್ಕೆ ಹೊರಟೆವು. ಆ ದಿನಗಳ ದೆಹಲಿಯ ಗಾಳಿಯ ವಿಷಯ ಇಲ್ಲಿರುವವರಿಗೆ ಹೇಳಬೇಕಾದ್ದಿಲ್ಲ. ಬೆಳಗ್ಗೆ ಕಿಟಕಿ ತೆರೆದರೆ ಹೊಗೆಯ ವಾಸನೆ. ನಮ್ಮ ಎಂಟು ತಿಂಗಳ ಹೆಣ್ಣುಮಗುವಿಗೆ ರಾತ್ರಿಯೆಲ್ಲ ಮೂಗು ಕಟ್ಟುವುದು. ಹಾಸನದಿಂದ ಬಂದಿದ್ದ ನನ್ನ ತಂದೆಗೆ ಕೆಮ್ಮು. "ಊರಿನಲ್ಲಿ ಒಲೆಯ ಹೊಗೆ ಅಡಿಗೆಮನೆಯಲ್ಲಿ ಮಾತ್ರ ಇರುತ್ತಿತ್ತು ಕಣೋ, ಇಲ್ಲಿ ಊರೇ ಅಡಿಗೆಮನೆ" ಎಂದು ಅವರು ಒಮ್ಮೆ ನಕ್ಕರು. ನಾಲ್ಕು ದಿನ ಒಳ್ಳೆಯ ಗಾಳಿ ಕುಡಿಸಿಕೊಂಡು ಬರೋಣವೆಂದು ನಾನೂ ನನ್ನ ಹೆಂಡತಿಯೂ ನಿಶ್ಚಯಿಸಿದೆವು. ಮಗುವಿನ ನೆಗಡಿ ಇಳಿಯುವವರೆಗೆ ಮೂರು ದಿನ ಕಾದೆವು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಯೋಜನೆ ನನ್ನದೇ. ಮೊದಲ ದಿನ ಶಿಮ್ಲಾ. ಮೂರನೆಯ ದಿನ ಅಲ್ಲಿಂದ ನಾರ್ಕಂಡಾ. ಸಾಧ್ಯವಾದರೆ ಅದರ ಮೇಲಿನ ಹಾಟೂ ಶಿಖರ. ನನ್ನ ಚಿಂತೆಯೆಲ್ಲ ಎತ್ತರದ ಮೇಲೆ ನೆಟ್ಟಿತ್ತು. ದೆಹಲಿ ಸಮುದ್ರಮಟ್ಟದಿಂದ 215 ಮೀಟರಿನಷ್ಟು ಮೇಲಿದೆ. ಶಿಮ್ಲಾ ಸುಮಾರು 2,200 ಮೀಟರ್. ನಮ್ಮ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರವಾದ ಮುಳ್ಳಯ್ಯನಗಿರಿಯೇ 1,930 ಮೀಟರ್ ಇರುವುದರಿಂದ, ನಮ್ಮ ನಾಡನ್ನು ಬಿಟ್ಟು ಹೊರಡದ ಹಿರಿಯರು ಇಷ್ಟು ಎತ್ತರದಲ್ಲಿ ಒಂದು ರಾತ್ರಿಯನ್ನೂ ಕಳೆದಿರಲಾರರು. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಕಡಿಮೆಯಾಗುತ್ತದೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಜವಾಗಿ ನೋಡಿದರೆ ಅದು ಎಲ್ಲೆಡೆಯೂ ನೂರಕ್ಕೆ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಶಿಮ್ಲಾದಲ್ಲಿ ಅದು ಸಮುದ್ರತೀರದಲ್ಲಿರುವುದರ ಮುಕ್ಕಾಲು ಪಾಲಿನಷ್ಟು, ಹಾಟೂ ಶಿಖರದ ಮೇಲೆ ಮೂರರಲ್ಲಿ ಎರಡು ಪಾಲಿನಷ್ಟು. ಒಂದೊಂದು ಉಸಿರಿಗೂ ಒಳಗೆ ಸೇರುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ಆದರೂ 2,500 ಮೀಟರಿನ ಒಳಗೆ ಆರೋಗ್ಯವಂತರಿಗೆ ಎತ್ತರದ ಬೇನೆ ಬರುವುದು ಅಪರೂಪ. ಅದರ ಮೇಲೆ ಹೋದರೆ ಮೊದಲ ದಿನದೊಳಗೆ ತಲೆನೋವು, ಓಕರಿಕೆ, ನಿದ್ರಾಹೀನತೆಗಳು ಕಾಣಿಸಿಕೊಳ್ಳಬಹುದು. ಮಾತು ಬಾರದ ಕೂಸು ಕಾರಣವಿಲ್ಲದೆ ರಚ್ಚೆ ಹಿಡಿದು, ಹಾಲು ಬಿಟ್ಟು, ನಿದ್ದೆಗೆಟ್ಟರೆ ಅದನ್ನೂ ಎತ್ತರದ ಬೇನೆಯೆಂದೇ ಬಗೆದು ಕೆಳಗಿಳಿಸಬೇಕು.

ಇಷ್ಟೆಲ್ಲ ತಿಳಿದವನು ಸಿದ್ಧತೆಯಲ್ಲಿ ಕೊರತೆ ಮಾಡುವುದುಂಟೆ? 2021ರ ಕೋವಿಡ್ ಕಾಲದಲ್ಲಿ ಕೊಂಡಿದ್ದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಹೊಸ ಬ್ಯಾಟರಿ ಹಾಕಿ ಪೆಟ್ಟಿಗೆಯಲ್ಲಿಟ್ಟೆ. ರಕ್ತದೊತ್ತಡ ನೋಡುವ ಯಂತ್ರ, ಉಷ್ಣಮಾಪಕ, ಜ್ವರದ ಹನಿ, ಉಪ್ಪು ಸಕ್ಕರೆಯ ಪುಡಿ ಎಲ್ಲವೂ ಇದ್ದವು. ಒಂದನ್ನು ಮಾತ್ರ ಮಾಡಲಿಲ್ಲ. ಅಪ್ಪ, ಅಮ್ಮ ದಿನವೂ ಯಾವ ಯಾವ ಗುಳಿಗೆ ನುಂಗುತ್ತಾರೆ, ರಾತ್ರಿ ಎಷ್ಟು ಸಲ ಏಳುತ್ತಾರೆ ಎಂದು ಕುಳಿತು ಕೇಳಲಿಲ್ಲ. ಚಿಕಿತ್ಸಾಲಯಕ್ಕೆ ಬರುವ ಅಪರಿಚಿತನಿಗೂ ನಾನು ಈ ಪ್ರಶ್ನೆಗಳನ್ನು ಹಾಕುತ್ತೇನೆ.

ಹೊರಡುವಾಗಲೇ ಒಂದು ಸಣ್ಣ ಕದನ ನಡೆಯಿತು. ಮಗುವಿಗೆಂದು ಕಾರಿನ ಹಿಂದಿನ ಸೀಟಿನಲ್ಲಿ ಬಿಗಿದಿದ್ದ ಪುಟ್ಟ ಆಸನವನ್ನು ನೋಡಿ ಅಮ್ಮ ಹೌಹಾರಿದರು. "ಕೂಸನ್ನು ಹೀಗೆ ಕಟ್ಟಿಹಾಕುತ್ತೀರಾ? ಅದೂ ಹಿಂದಕ್ಕೆ ಮುಖ ಮಾಡಿ! ನನ್ನ ಮಡಿಲು ಇರುವುದು ಯಾತಕ್ಕೆ?" ಎಂಬುದು ಅವರ ವಾದ. ಅಜ್ಜಿಯ ಮಡಿಲಿಗೆ ಸಮನಾದ ಆಸನ ಲೋಕದಲ್ಲಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಓಡುವ ಕಾರು ಡಿಕ್ಕಿ ಹೊಡೆದು ಥಟ್ಟನೆ ನಿಂತಾಗ ಎಂಟು ಕಿಲೋ ತೂಕದ ಮಗುವನ್ನು ಹಿಡಿದುಕೊಳ್ಳಬಲ್ಲ ತೋಳುಗಳು ಯಾರಿಗೂ ಇಲ್ಲ. ಕೂಸಿನ ತಲೆ ಮೈಯ ಅಳತೆಗೆ ಹೆಚ್ಚು ಭಾರ, ಕತ್ತು ಎಳಸು. ಹಿಂದಕ್ಕೆ ಮುಖ ಮಾಡಿ ಕೂಡಿಸಿದರೆ ಆಘಾತವನ್ನು ಬೆನ್ನಿಡೀ ಹಂಚಿಕೊಳ್ಳುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಈ ಆಸನವನ್ನು ಎಂದಿಗೂ ಇಡಬಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ 14 ವರ್ಷ ತುಂಬದ ಮಕ್ಕಳನ್ನು ಬೆಲ್ಟು ಅಥವಾ ಇಂಥ ಆಸನವಿಲ್ಲದೆ ಕರೆದೊಯ್ದರೆ ಸಾವಿರ ರೂಪಾಯಿ ದಂಡವೂ ಉಂಟು. ಕೊನೆಗೆ ರಾಜಿಯಾಯಿತು: ಅಮ್ಮ ಮಗುವಿನ ಪಕ್ಕದಲ್ಲಿಯೇ ಕೂಡುವುದು, ಎರಡು ಗಂಟೆಗೊಮ್ಮೆ ಕಾರು ನಿಲ್ಲಿಸಿ ಮಗುವನ್ನು ಅಜ್ಜಿಯ ಕೈಗೆ ಕೊಡುವುದು. ಕುಲಾವಿಯ ವಿಷಯದಲ್ಲಿ ಮಾತ್ರ ಅಜ್ಜಿಯದೇ ಗೆಲುವು. ಕೂಸಿನ ಮೈಯಲ್ಲಿ ತಲೆಯದೇ ದೊಡ್ಡ ಪಾಲಾದ್ದರಿಂದ ಶಾಖ ಸೋರಿಹೋಗುವುದೂ ಅಲ್ಲಿಂದಲೇ ಹೆಚ್ಚು. ಕಾರಿನೊಳಗೆ ಬೆಚ್ಚಗಿರುವಾಗ ಅದನ್ನು ತೆಗೆಯಬೇಕೆಂಬುದನ್ನಷ್ಟೇ ನಾನು ಸೇರಿಸಿದೆ. ದಪ್ಪನೆಯ ಸ್ವೆಟರಿನ ಮೇಲೆ ಬೆಲ್ಟು ಬಿಗಿದರೆ ಅದು ಸಡಿಲವಾಗಿಯೇ ಉಳಿಯುತ್ತದೆ. ಬೆಲ್ಟು ಬಿಗಿದ ಮೇಲೆ ಹೊದಿಕೆ ಹೊದಿಸುವುದು ಲೇಸು.

ಬೆಳಗಿನ ಐದು ಗಂಟೆಗೆ ಹೊರಟು ಮುರ್ಥಲ್‌ನಲ್ಲಿ ಉಪಾಹಾರಕ್ಕೆ ನಿಂತೆವು. ಅಲ್ಲಿನ ಢಾಬಾಗಳ ಆಲೂ ಪರೋಟವೂ ಅದರ ಮೇಲೆ ಕರಗುವ ಬೆಣ್ಣೆಯ ಗಡ್ಡೆಯೂ ಪ್ರಸಿದ್ಧವಷ್ಟೆ. ಅಪ್ಪ ಸಂತೋಷದಿಂದ ಎರಡು ಪರೋಟ ತಿಂದು, ದೊಡ್ಡ ಲೋಟದ ತುಂಬ ಲಸ್ಸಿ ಕುಡಿದು, ಮೇಲೆ ಚಹವನ್ನೂ ಕುಡಿದರು. ಅಮ್ಮ ಒಂದು ಪರೋಟ ತಿಂದರು, ನೀರನ್ನು ಮುಟ್ಟಲಿಲ್ಲ. ಅದನ್ನು ನಾನು ಗಮನಿಸಲಿಲ್ಲ, ನನ್ನ ಹೆಂಡತಿ ಗಮನಿಸಿದ್ದಳು. "ಅತ್ತೆ, ನೀರು ಕುಡಿಯಲೇ ಇಲ್ಲವಲ್ಲ" ಎಂದಾಗ "ಬಾಯಾರಿಕೆಯೇ ಇಲ್ಲಮ್ಮ" ಎಂದು ಉತ್ತರ ಬಂತು.

ಅಲ್ಲಿಂದ ಮುಂದೆ ಮಗು ನಿದ್ದೆಹೋಯಿತು. ನಿದ್ದೆ ಮಾಡುವ ಕೂಸಿದ್ದರೆ ಕಾರು ನಿಲ್ಲಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಎರಡು ಗಂಟೆಯ ಒಪ್ಪಂದ ಅಲ್ಲಿಯೇ ಮುರಿಯಿತು. ಪಾಣಿಪತ್ತು, ಕರ್ನಾಲ್, ಅಂಬಾಲಾಗಳು ಒಂದೊಂದಾಗಿ ಹಿಂದೆ ಸರಿದವು. ಹಾದಿ ನುಣುಪಾಗಿತ್ತು, ನನಗೆ ಹುರುಪಿತ್ತು. ಒಂದೆರಡು ಸಲ "ಅಪ್ಪಾ, ನಿಲ್ಲಿಸಬೇಕೇ?" ಎಂದು ಕೇಳಿದೆ. "ಏನೂ ಬೇಡ, ನೀನು ಹೊಡಿ" ಎಂದರು.

ಕಾಲ್ಕಾ 650 ಮೀಟರಿನಷ್ಟು ಎತ್ತರದಲ್ಲಿದೆ. ಅಲ್ಲಿಂದ ಶಿಮ್ಲಾಕ್ಕೆ ಸುಮಾರು ತೊಂಬತ್ತು ಕಿಲೋಮೀಟರು ದಾರಿಯಲ್ಲಿ ಒಂದೂವರೆ ಸಾವಿರ ಮೀಟರು ಏರಬೇಕು. 1903ರಲ್ಲಿ ತೆರೆದ ಪುಟ್ಟ ರೈಲುದಾರಿಯೂ ಅಲ್ಲಲ್ಲಿ ಜೊತೆಯಲ್ಲಿಯೇ ಏರುತ್ತದೆ. 102 ಸುರಂಗಗಳಿರುವ ಈ ದಾರಿಯನ್ನು 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಅಪ್ಪ ಮೂವತ್ತೈದು ವರ್ಷ ಮೇಷ್ಟರಾಗಿದ್ದವರು, ಇಂಥ ವಿಷಯಗಳಲ್ಲಿ ಅವರಿಗೆ ಬಲು ಆಸಕ್ತಿ. ಅಮ್ಮನಿಗೆ ಹೆದರಿಕೆಯಾದೀತೆಂದು "ಇದೇನು ಮಹಾ, ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ನಿಂತುಕೊಂಡೇ ಧರ್ಮಸ್ಥಳಕ್ಕೆ ಹೋಗಿಲ್ಲವೇ ನಾವು" ಎಂದು ಧೈರ್ಯ ಹೇಳುತ್ತಿದ್ದರು. ಆದರೆ ಪರ್ವಾಣೂ ದಾಟಿದ ನಾಲ್ಕೈದು ತಿರುವುಗಳಲ್ಲಿಯೇ ಅಮ್ಮನ ಮುಖ ಬಿಳಿಚಿಕೊಂಡಿತು. ತಿಂದ ಪರೋಟವೆಲ್ಲ ಹೊರಬಂತು.

ಪ್ರಯಾಣದ ವಾಂತಿಯ ಮೂಲ ಹೊಟ್ಟೆಯಲ್ಲಿಲ್ಲ, ಕಿವಿಯಲ್ಲಿದೆ. ಒಳಗಿವಿಯ ತೋಲನಾಂಗ ಮೈ ತಿರುಗುತ್ತಿದೆಯೆಂದು ಮಿದುಳಿಗೆ ವರದಿ ಮಾಡುತ್ತದೆ; ಕಾರಿನೊಳಗನ್ನೇ ನೋಡುತ್ತಿರುವ ಕಣ್ಣು ಎಲ್ಲವೂ ನಿಂತಿದೆಯೆನ್ನುತ್ತದೆ. ಈ ವಿರೋಧವೇ ಓಕರಿಕೆಗೆ ಕಾರಣ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಬಹುಮಟ್ಟಿಗೆ ಇಲ್ಲ. ಆಮೇಲೆ ಹನ್ನೆರಡು ವರ್ಷದವರೆಗಿನವರಿಗೂ, ದೊಡ್ಡವರಲ್ಲಿ ಹೆಂಗಸರಿಗೂ ಹೆಚ್ಚು. ಅಮ್ಮ ದಾರಿಯುದ್ದಕ್ಕೂ ಪಕ್ಕಕ್ಕೆ ಬಾಗಿ ಮೊಮ್ಮಗಳ ಮುಖವನ್ನೇ ನೋಡುತ್ತ ಬಂದಿದ್ದರು. ಇಂಥವರನ್ನು ಮುಂದಿನ ಸೀಟಿನಲ್ಲಿ ಕೂಡಿಸಿ ದೂರದ ದಾರಿಯನ್ನು ನೋಡಿಸಬೇಕು, ಹೊರಡುವ ಮುನ್ನ ಜಿಡ್ಡಿಲ್ಲದ ಲಘು ಆಹಾರ ಕೊಡಬೇಕು. ಶುಂಠಿಯ ಚೂರು ಕೆಲವರಿಗೆ ಉಪಕಾರ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಚಾಲಕನು ತಿರುವುಗಳಲ್ಲಿ ನಿಧಾನಿಸುವುದು. ಇವು ಯಾವುದನ್ನೂ ಮಾಡದೆ ನಾನು ಔಷಧದ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆ.

ಪ್ರೊಮೆಥಜೀನ್ ಎಂಬ ಔಷಧದ ಗುಳಿಗೆಗಳ ಒಂದು ಪಟ್ಟಿಯನ್ನು ಕೊಂಡು ಅಮ್ಮನಿಗೆ ಒಂದು ಕೊಟ್ಟೆ. ಪ್ರಯಾಣಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ನುಂಗಬೇಕಾದದ್ದನ್ನು ವಾಂತಿ ಆರಂಭವಾದ ಮೇಲೆ ಕೊಟ್ಟರೆ ಪ್ರಯೋಜನ ಅಷ್ಟಕ್ಕಷ್ಟೆ ಎಂಬುದು ಬೇರೆ ಮಾತು. ಆಗ ಅಪ್ಪ ಕೈಚಾಚಿದರು. "ನನಗೂ ಒಂದು ಕೊಟ್ಟುಬಿಡು. ಮುಂದೆ ನನಗೂ ಶುರುವಾದರೆ ನಿನಗೆ ಮತ್ತೆ ಗಾಡಿ ನಿಲ್ಲಿಸುವ ತೊಂದರೆ." ಎಪ್ಪತ್ತೆರಡು ವರ್ಷದ ಗಂಡಸು. ರೋಗಿಯಾಗಿ ಬಂದಿದ್ದರೆ ನಾಲ್ಕು ಪ್ರಶ್ನೆ ಕೇಳದೆ ಆ ಗುಳಿಗೆಯನ್ನು ಬರೆದುಕೊಡುತ್ತಿರಲಿಲ್ಲ. ಅಪ್ಪನಾದ್ದರಿಂದ ಕೊಟ್ಟೆ.

ಸೋಲನ್ ಸಮೀಪಿಸುವಾಗ ಮಗು ಎದ್ದು ಚಿಟ್ಟನೆ ಚೀರತೊಡಗಿತು, ಕೈ ಮತ್ತೆ ಮತ್ತೆ ಕಿವಿಯ ಬಳಿಗೆ. ಕಿವಿಯ ತಮಟೆಯ ಹಿಂದಿನ ಗೂಡಿಗೂ ಗಂಟಲಿಗೂ ನಡುವೆ ಒಂದು ಸಣ್ಣ ಕೊಳವೆಯುಂಟು. ಎತ್ತರ ಬದಲಾದಂತೆ ಒಳಗಿನ, ಹೊರಗಿನ ಒತ್ತಡಗಳನ್ನು ಸಮ ಮಾಡುವುದು ಅದರ ಕೆಲಸ. ಕೂಸುಗಳಲ್ಲಿ ಈ ಕೊಳವೆ ಬಹಳ ಕಿರಿದು. ನೆಗಡಿಯಾಗಿದ್ದರೆ ಮುಚ್ಚಿಯೇಹೋಗುತ್ತದೆ, ನಾವು ಮೂರು ದಿನ ಕಾದದ್ದು ಇದಕ್ಕಾಗಿಯೇ. ನುಂಗಿದಾಗಲೆಲ್ಲ ಅದು ಬಾಯಿ ತೆರೆಯುವುದರಿಂದ ಹಾಲು ಕುಡಿಸುವುದೇ ಚಿಕಿತ್ಸೆ. ಓಡುವ ಕಾರಿನಲ್ಲಿ ಮಗುವನ್ನು ಆಸನದಿಂದ ಎತ್ತಿಕೊಂಡು ಕುಡಿಸಬಾರದಾದ್ದರಿಂದ ಬದಿಗೆ ನಿಲ್ಲಿಸಿದೆ. ಹತ್ತು ನಿಮಿಷದಲ್ಲಿ ಮಗು ನಗತೊಡಗಿತು. ಇಳಿಯುವಾಗ ಈ ನೋವು ಇನ್ನೂ ಹೆಚ್ಚು. ಘಾಟಿ ಇಳಿಯುವವರು ಇದನ್ನು ನೆನಪಿಡಬೇಕು.

ಆ ಹತ್ತು ನಿಮಿಷಗಳಲ್ಲಿ ಅಪ್ಪ ಕಾರಿನಿಂದಿಳಿದು ರಸ್ತೆಯಂಚಿನಲ್ಲಿ ಸ್ವಲ್ಪ ದೂರ ನಡೆದುಹೋದರು. ಒಂದು ಬದಿಗೆ ಕಡಿದ ಗುಡ್ಡದ ಗೋಡೆ, ಇನ್ನೊಂದು ಬದಿಗೆ ಕಬ್ಬಿಣದ ತಡೆ, ನಡುವೆ ಸಾಲುಗಟ್ಟಿದ ಲಾರಿಗಳು. ಅವರು ಆಚೀಚೆ ನೋಡಿ, ತುಸು ನಿಂತು, ಮರಳಿ ಬಂದು ಕುಳಿತರು. ಕಣಿವೆಯ ಸೊಬಗನ್ನು ನೋಡುತ್ತಿದ್ದಾರೆಂದು ನಾನು ಭಾವಿಸಿದೆ, "ಹೇಗಿದೆ ಅಪ್ಪಾ?" ಎಂದೂ ಕೇಳಿದೆ. "ಚೆನ್ನಾಗಿದೆ" ಎಂದರು.

ಸಂಜೆ ನಾಲ್ಕೂವರೆಗೆ ಶಿಮ್ಲಾ ಸೇರಿದೆವು. ಕೋಣೆಗೆ ಹೋದೊಡನೆ ನಾನು ಆಕ್ಸಿಮೀಟರನ್ನು ಹೊರತೆಗೆದು ಒಬ್ಬೊಬ್ಬರ ಬೆರಳಿಗೂ ಹಾಕಿದೆ. ಎಲ್ಲರದೂ 94ರ ಮೇಲೆ. ಬಹಳ ಸಮಾಧಾನವಾಯಿತು. ಅಮ್ಮ ತಲೆನೋವೆಂದು ಊಟ ಬಿಟ್ಟು ಮಲಗಿದರು. ಅಪ್ಪನೂ ಸರಿಯಾಗಿ ಉಣ್ಣಲಿಲ್ಲ. ದಾರಿಯ ಆಯಾಸವೆಂದುಕೊಂಡೆ.

ರಾತ್ರಿ ಒಂದು ಗಂಟೆಗೆ ಮಗುವಿನ ಹಾಲಿಗೆ ಬಿಸಿನೀರು ತರಲು ಎದ್ದಾಗ ಹೊರಗಿನ ಪಡಸಾಲೆಯಲ್ಲಿ ಮಂಕಿಟೋಪಿ ಹಾಕಿಕೊಂಡು ಶಾಲು ಹೊದ್ದು ಅಪ್ಪ ಶತಪಥ ತಿರುಗುತ್ತಿದ್ದರು. ಚಳಿಗೆ ನನ್ನ ಹಲ್ಲು ಕಟಕಟಿಸಿತು. "ನಿದ್ದೆ ಬರಲಿಲ್ಲ, ನಕ್ಷತ್ರ ನೋಡುತ್ತಿದ್ದೆ. ದೆಹಲಿಯಲ್ಲಿ ಎಲ್ಲಿ ಕಾಣುತ್ತವೆ" ಎಂದರು. ನಾನು ಮತ್ತೆ ಆಕ್ಸಿಮೀಟರ್ ಸಿಕ್ಕಿಸಿದೆ. 95. "ಎಲ್ಲ ಸರಿಯಾಗಿದೆ, ಮಲಗಿ ಅಪ್ಪಾ" ಎಂದು ಹೇಳಿ ಒಳಗೆ ಬಂದೆ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಎರಡೂವರೆಗೆ ಅಮ್ಮ ಬಾಗಿಲು ತಟ್ಟಿದರು. ಅಪ್ಪ ಹಾಸಿಗೆಯಂಚಿನಲ್ಲಿ ಮುಂದಕ್ಕೆ ಬಾಗಿ ಕುಳಿತಿದ್ದರು, ಹಣೆಯಲ್ಲಿ ಬೆವರು. ಹೊಟ್ಟೆಯ ಮೇಲೆ ಕೈಯಿಟ್ಟೊಡನೆ ನನಗೆ ತಿಳಿಯಿತು. ಹೊಕ್ಕುಳವರೆಗೂ ಉಬ್ಬಿ, ಕಲ್ಲಿನಂತೆ ಬಿಗಿದುಕೊಂಡದ್ದು ಮೂತ್ರಾಶಯ. "ಎಷ್ಟು ಹೊತ್ತಾಯಿತು?" ಎಂದು ಕೇಳಿದೆ. ಅವರು ಗೋಡೆಯ ಕಡೆ ನೋಡುತ್ತ, "ಬೆಳಗ್ಗೆ ಆ ಪರೋಟದ ಅಂಗಡಿಯಲ್ಲಿ ಹೋಗಿದ್ದು" ಎಂದರು.

ಇಪ್ಪತ್ತು ಗಂಟೆಗಳು! ಎರಡು ಕೈಯಲ್ಲಿ ಹಿಡಿದು ಮೆಟ್ಟಿಲಿಳಿಸಿ ಕಾರಿಗೆ ಹತ್ತಿಸಿ ಅಲ್ಲಿನ ಆಸ್ಪತ್ರೆಗೆ ಒಯ್ದೆ. ರಾತ್ರಿ ಪಾಳಿಯಲ್ಲಿದ್ದ ತರುಣ ವೈದ್ಯರು ಹೆಚ್ಚು ಮಾತಾಡದೆ ರಬ್ಬರಿನ ನಳಿಕೆ ಹಾಕಿದರು. ಚೀಲದಲ್ಲಿ ಒಂದು ಲೀಟರಿನಷ್ಟು ತುಂಬಿತು. ಅಪ್ಪ ಕಣ್ಣು ಮುಚ್ಚಿ ಉದ್ದವಾಗಿ ಉಸಿರುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ, ನಾನು ಕೇಳದಿದ್ದರೂ, ಮೆಲ್ಲನೆ ಹೇಳಿದರು: "ಸೊಸೆ ಕಾರಿನಲ್ಲಿದ್ದಳಲ್ಲಪ್ಪ. ಹೇಗೆ ಹೇಳಲಿ?"

ಮೂವತ್ತೈದು ವರ್ಷ ಕಿರುಬೆರಳೆತ್ತಿ "ಸಾರ್, ಒಂದಕ್ಕೆ" ಎಂದ ಸಾವಿರಾರು ಹುಡುಗರನ್ನು ತರಗತಿಯಿಂದ ಹೊರಗೆ ಬಿಟ್ಟ ಮೇಷ್ಟರು ಅವರು.

ವೈದ್ಯಶಾಸ್ತ್ರದ ದೃಷ್ಟಿಯಿಂದ ಇದು ಬಲು ಸರಳವಾದ ಸಂಗತಿ. ಅರವತ್ತು ದಾಟಿದ ಗಂಡಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ಮೂತ್ರನಾಳವನ್ನು ಅಮುಕುತ್ತಿರುತ್ತದೆ. ರಾತ್ರಿ ಎರಡು ಮೂರು ಸಲ ಏಳುವುದು, ಧಾರೆ ಸಣ್ಣದಾಗುವುದು, ಮುಗಿದ ಮೇಲೂ ಮುಗಿಯಲಿಲ್ಲವೆನಿಸುವುದು ಅದರ ಲಕ್ಷಣಗಳು. ವಯಸ್ಸಾಯಿತೆಂದು ಇವನ್ನು ಮುಚ್ಚಿಟ್ಟುಕೊಳ್ಳುವವರೇ ಹೆಚ್ಚು. ಅಪ್ಪನಿಗೆ ಎರಡು ವರ್ಷದಿಂದ ಹೀಗಿತ್ತು. "ಮಗ ದೊಡ್ಡ ಡಾಕ್ಟರು, ಅವನಿಗೆ ಇದನ್ನೆಲ್ಲ ಹೇಳುವುದೇ" ಎಂಬ ಸಂಕೋಚ. ಅಂಥವರು ತುಂಬಿದ ಮೂತ್ರಾಶಯವನ್ನು ಬಹಳ ಹೊತ್ತು ತಡೆದರೆ ಅದರ ಸ್ನಾಯು ಹಿಗ್ಗಿ ಬಲಗುಂದುತ್ತದೆ. ಚಳಿಗೆ ನಾಳದ ಕೊರಳು ಇನ್ನಷ್ಟು ಬಿಗಿಯುತ್ತದೆ. ಇವೆರಡರ ಮೇಲೆ, ಪ್ರೊಮೆಥಜೀನ್ ಮತ್ತು ಅದರ ಬಳಗದ ನಿದ್ದೆ ತರಿಸುವ ಔಷಧಗಳು ಮೂತ್ರಾಶಯವನ್ನು ಹಿಂಡುವ ನರಗಳನ್ನೇ ಮಂಕಾಗಿಸುತ್ತವೆ. ತಡೆದದ್ದು ಸಂಕೋಚ, ಚಳಿ ಊರಿನದು, ಗುಳಿಗೆ ನಾನು ಕೊಟ್ಟದ್ದು. ವಾಂತಿಗೆಂದೋ ನೆಗಡಿಗೆಂದೋ ಅಂಗಡಿಯಲ್ಲಿ ಸಿಗುವ ಇಂಥ ಗುಳಿಗೆಗಳನ್ನು ಹಿರಿಯರಿಗೆ ಕೇಳದೆ ಕೊಡಬಾರದು. ಕೆಲವರಿಗೆ ಬುದ್ಧಿಭ್ರಮೆಯೂ ಉಂಟಾಗುತ್ತದೆ. ದಾರಿಯಲ್ಲಿ ನಿದ್ದೆ ಮಾಡಲಿ ಎಂದು ಕೂಸುಗಳಿಗೆ ಇದರ ದ್ರವವನ್ನು ಕುಡಿಸುವವರೂ ಇದ್ದಾರೆ. ಎರಡು ವರ್ಷ ತುಂಬದ ಮಕ್ಕಳಿಗೆ ಇದನ್ನು ಸರ್ವಥಾ ಕೊಡಕೂಡದು, ಉಸಿರೇ ನಿಲ್ಲಬಹುದು.

ಬೆಳಗಾದ ಮೇಲೆ ನನ್ನ ಹೆಂಡತಿ ಅಮ್ಮನನ್ನು ಕೂಡಿಸಿಕೊಂಡು ಮಾತಾಡಿಸಿದಳು. ಹೆಂಗಸರು ಹೆಂಗಸರಿಗೆ ಹೇಳಿಕೊಳ್ಳುವುದು ಬೇರೆ. ಆಗ ಇನ್ನೊಂದು ಕಥೆ ಹೊರಬಿತ್ತು. ಅಮ್ಮನ ರಕ್ತದೊತ್ತಡಕ್ಕೆ ಕೊಟ್ಟಿರುವ ಗುಳಿಗೆಗಳಲ್ಲಿ ಒಂದು ಮೈಯ ನೀರನ್ನು ಮೂತ್ರವಾಗಿ ಇಳಿಸುವಂಥದು. ದಾರಿಯಲ್ಲಿ ಎಲ್ಲಿ ಹೋಗುವುದೆಂದು ಹೆದರಿ ಹಿಂದಿನ ದಿನ ಅದನ್ನು ನುಂಗಿಯೇ ಇರಲಿಲ್ಲ. ಅದೊಂದನ್ನೇ ಬಿಟ್ಟರೆ ತಪ್ಪಾದೀತೆಂದು ಉಳಿದ ಗುಳಿಗೆಯನ್ನೂ ಬಿಟ್ಟಿದ್ದರು! ದೆಹಲಿಯಿಂದ ಶಿಮ್ಲಾದವರೆಗೆ ಕುಡಿದ ನೀರು ಎರಡು ಗುಟುಕು. ಅದೂ ವಾಂತಿಯಾದ ಮೇಲೆ ಬಾಯಿ ತೊಳೆದದ್ದು. ಒತ್ತಡ ನೋಡಿದರೆ 170ಕ್ಕೆ 100. ನಾನು ಎತ್ತರದ ತಲೆನೋವೋ ಆಯಾಸವೋ ಎಂದುಕೊಂಡದ್ದರ ನಿಜವಾದ ಬಣ್ಣ ಇದು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮೊಂಡಾಗುತ್ತದೆ. ಬೆಟ್ಟದ ಒಣಗಾಳಿಯಲ್ಲಿ ಉಸಿರಿನ ಮೂಲಕವೂ ನೀರು ಕಳೆಯುತ್ತದೆ. ನೀರು ಕುಡಿಯದೆ ಗಂಟೆಗಟ್ಟಲೆ ಕಾಲು ಮಡಿಸಿ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ಇವರಿಬ್ಬರಲ್ಲಿ ಒಬ್ಬರು ಕುಡಿದು ತಡೆದರು, ಇನ್ನೊಬ್ಬರು ಕುಡಿಯದೆಯೇ ತಡೆದರು. ಮಾತು ಬಾರದ ಕೂಸೊಂದೇ ತನಗೆ ಬೇಕಾದದ್ದನ್ನು ಬೇಕಾದ ಹೊತ್ತಿಗೆ ಕೇಳಿ ಪಡೆದಿತ್ತು.

"ನಿಲ್ಲಿಸಬೇಕೇ?" ಎಂಬ ನನ್ನ ಪ್ರಶ್ನೆಯಲ್ಲಿಯೇ ದೋಷವಿತ್ತೆಂದು ಈಗ ತಿಳಿಯುತ್ತದೆ. ಆ ಪ್ರಶ್ನೆಗೆ ನಮ್ಮ ಕಡೆಯ ಹಿರಿಯರು ಕೊಡುವ ಉತ್ತರ ಒಂದೇ, ಅದು "ಬೇಡ" ಎಂಬುದು. ಕೇಳದೆಯೇ ನಿಲ್ಲಿಸಬೇಕು, ಎರಡು ಗಂಟೆಗೊಮ್ಮೆ, ಮಗು ಮಲಗಿದ್ದರೂ ಸರಿ, ಒಳ್ಳೆಯ ಶೌಚಾಲಯವಿರುವ ಪೆಟ್ರೋಲ್ ಬಂಕಿನಲ್ಲೋ ಢಾಬಾದಲ್ಲೋ ನಿಲ್ಲಿಸಿ ಮೊದಲು ತಾನೇ ಇಳಿದುಹೋಗಬೇಕು. ಚಾಲಕನು ಹೋದರೆ ಉಳಿದವರ ಸಂಕೋಚ ಕಳೆಯುತ್ತದೆ. ನೀರಿಳಿಸುವ ಗುಳಿಗೆಯನ್ನು ಪ್ರಯಾಣದ ದಿನ ಎಷ್ಟು ಹೊತ್ತಿಗೆ ನುಂಗಬೇಕೆಂದು ಅವರ ವೈದ್ಯರನ್ನು ಮುಂಚೆಯೇ ಕೇಳಬಹುದು, ತಾವಾಗಿ ಬಿಡಬಾರದು.

ನಾರ್ಕಂಡಾ, ಹಾಟೂಗಳನ್ನು ಕೈಬಿಟ್ಟು ಎರಡು ದಿನ ಶಿಮ್ಲಾದಲ್ಲಿಯೇ ಉಳಿದೆವು. ನಿಜ ಹೇಳಬೇಕೆಂದರೆ ಆ ಎರಡು ದಿನಗಳು ಬಹಳ ಚೆನ್ನಾಗಿ ಕಳೆದವು. ಅಪ್ಪ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು, ಮೂತ್ರದ ಚೀಲವನ್ನು ಹಾಸನದ ಬಟ್ಟೆಯಂಗಡಿಯ ಕೈಚೀಲವೊಂದರಲ್ಲಿ ಮರೆಮಾಡಿ ಕಾಲಬಳಿ ಇಟ್ಟುಕೊಂಡು, ಮೊಮ್ಮಗಳಿಗೆ ದೇವದಾರು ಮರಗಳನ್ನು ಎಣಿಸಿ ತೋರಿಸುತ್ತಿದ್ದರು. ಅಮ್ಮ ಜೊತೆಗೆ ತಂದಿದ್ದ ಪುಟ್ಟ ವಿದ್ಯುತ್ ಪಾತ್ರೆಯಲ್ಲಿ ಮಗುವಿಗೆ ರಾಗಿಸರಿ ಮಾಡಿದರು. ಅನ್ನ ಮಾತ್ರ ಎಷ್ಟು ಹೊತ್ತಾದರೂ ಅರಳಲಿಲ್ಲ. ಆ ಎತ್ತರದಲ್ಲಿ ನೀರು 93 ಡಿಗ್ರಿಯ ಹತ್ತಿರವೇ ಕುದಿಯುತ್ತದೆಂದು ವಿವರಿಸಿದರೆ, "ಇಲ್ಲಿನ ಕರೆಂಟಿಗೆ ಶಕ್ತಿಯಿಲ್ಲ" ಎಂದು ತೀರ್ಪಿತ್ತರು. ಮಗುವಿನ ಕೆಮ್ಮಿಗೆ ಜೇನುತುಪ್ಪ ನೆಕ್ಕಿಸುವ ಪ್ರಸ್ತಾಪವೂ ಬಂತು. ವರ್ಷ ತುಂಬುವ ಮುಂಚೆ ಜೇನು ವಿಷವಾಗಬಹುದೆಂದು, ಅದರಲ್ಲಿರಬಹುದಾದ ಜೀವಾಣುವಿನ ಬೀಜಗಳು ಕೂಸಿನ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ನಿಶ್ಶಕ್ತಗೊಳಿಸಬಲ್ಲವೆಂದು ತಿಳಿಸಿದೆ. ಈ ಸಲ ವಾದ ಮಾಡಲಿಲ್ಲ. ಆ ರಾತ್ರಿಯ ಮೇಲೆ ನನ್ನ ವೈದ್ಯಕೀಯದಲ್ಲಿ ನನಗಿಂತ ಅವರಿಗೇ ಹೆಚ್ಚು ನಂಬಿಕೆ ಉಳಿದಿತ್ತೆಂದು ತೋರುತ್ತದೆ.

ಇಳಿಯುವ ದಿನ ಅಮ್ಮ ಮುಂದಿನ ಸೀಟಿನಲ್ಲಿ, ಅಪ್ಪ ಹಿಂದೆ. ಧರಂಪುರದ ಹತ್ತಿರ ಮಗು ಗಾಢವಾಗಿ ನಿದ್ರಿಸುತ್ತಿತ್ತು. ನನ್ನ ಹೆಂಡತಿ ಹಿಂದಿನಿಂದ, "ಮಗುವಿಗೆ ಹಾಲು ಕೊಡಬೇಕು, ಎಲ್ಲಾದರೂ ನಿಲ್ಲಿಸಿ" ಎಂದಳು. ಕನ್ನಡಿಯಲ್ಲಿ ನೋಡಿದೆ, ಅವಳು ನೋಟದಿಂದಲೇ ಅಮ್ಮನನ್ನು ತೋರಿಸಿದಳು. ಢಾಬಾದ ಮುಂದೆ ನಿಲ್ಲಿಸಿದೆ. ಅಮ್ಮ ಇಳಿದುಹೋಗಿ ಬಂದು, ಬಾಟಲಿಯಿಂದ ಅರ್ಧದಷ್ಟು ನೀರು ಗಟಗಟನೆ ಕುಡಿದು, "ಎಲ್ಲಿ, ಕೂಸು ಎದ್ದೇ ಇಲ್ಲವಲ್ಲ" ಎಂದರು.

ದೆಹಲಿಯಲ್ಲಿ ನಾಲ್ಕನೆಯ ದಿನ ಅಪ್ಪನ ನಳಿಕೆಯನ್ನು ತೆಗೆದರು. ನಾಳವನ್ನು ಸಡಿಲಿಸುವ ಗುಳಿಗೆಯ ಸಹಾಯದಿಂದ ತೊಂದರೆಯಾಗಲಿಲ್ಲ. ಅವರು ಊರಿಗೆ ಹೊರಡುವ ಮುನ್ನ ಒಂದು ಭಾನುವಾರ ಎಲ್ಲರೂ ಬೃಂದಾವನಕ್ಕೆ ಹೊರಟೆವು. ಅಪ್ಪ ಮತ್ತೆ ಮುಂದಿನ ಸೀಟಿನಲ್ಲಿ. ಪಲ್ವಲ್ ದಾಟಿದ ಸ್ವಲ್ಪ ಹೊತ್ತಿಗೆ ಅವರ ಬಲಗೈ ತೊಡೆಯ ಮೇಲಿಂದ ಮೆಲ್ಲನೆ ಎದ್ದಿತು. ದಾರಿಯನ್ನೇ ನೇರವಾಗಿ ನೋಡುತ್ತ, ಒಂದು ಮಾತನ್ನೂ ಆಡದೆ, ಅವರು ಕಿರುಬೆರಳನ್ನು ಎತ್ತಿ ಹಿಡಿದರು.